ಹುಳದ ಮನೆಯ ಎಂಟು ಮರಿಗಳು

ಕಳೆದ ತಿಂಗಳು ಗೆಟ್ಟವಾಡಿಗೆ ಹೋಗಿದ್ದಾಗ ದೊಡ್ಡಪ್ಪನ ಮನೆಯ ಹಿತ್ತಲಿನ ಹುಳದ ಮನೆಯ ಬಾಗಿಲು ತೆಗೆಯಬೇಕಾಗಿ ಬಂತು. ಹಿಂದೆ ಅಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು, ಈಗ ಬೆಳ್ಳುಳ್ಳಿ ಒಣಹಾಕುತ್ತಾರೆ. ಎರಡು ಗೊಂಚಲು ಊರಿಗೆ ಒಯ್ಯಿ ಎಂದು ದೊಡ್ಡಮ್ಮ ಕಳಿಸಿದ್ದರು. ಬಾಗಿಲು ತಳ್ಳಿದ್ದೇ ತಡ ನನ್ನ ಕಣ್ಣಲ್ಲಿ ದಳದಳ ನೀರಿಳಿಯಿತು. "ಬೆಳ್ಳುಳ್ಳಿ ಘಾಟು ಕಣಮ್ಮಿ" ಎಂದು ದೊಡ್ಡಮ್ಮ ಅಡುಗೆಮನೆಯಿಂದಲೇ ನಕ್ಕರು. ಇರಬಹುದು. ಗೋಡೆಗೆ ಎಷ್ಟೋ ಸಲ ಸುಣ್ಣ ಬಳಿದಿದ್ದಾರೆ, ನೆಲ ತೊಳೆದಿದ್ದಾರೆ, ಕಿಟಕಿಗಳನ್ನು ಈಗ ಮುಚ್ಚುವುದೇ ಇಲ್ಲ. ಆದರೆ ಆ ಕೋಣೆಯೆಂದರೆ ನನ್ನ ಕಣ್ಣಿಗೆ ಒಂದೇ ಉರಿ ಗೊತ್ತು. ಬೆಳ್ಳುಳ್ಳಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಕಲ್ಲಿನ ಮೇಲೆ ಕುಳಿತೆ.

ಹಲವು ವರ್ಷಗಳ ಹಿಂದೆ, ದೀಪಾವಳಿಯ ಆಚೀಚಿನ ಆರು ವಾರ ನಾನು ಆ ಕೋಣೆಯಲ್ಲಿ ಎಂಟು ಹಂದಿಮರಿಗಳನ್ನು ಇಟ್ಟುಕೊಂಡಿದ್ದೆ. ಪಶುವೈದ್ಯ ಕಾಲೇಜಿನಲ್ಲಿ ಪ್ರಾಣಿಗಳ ಆಹಾರಶಾಸ್ತ್ರದಲ್ಲಿ ಎಂ.ವಿ.ಎಸ್ಸಿ. ಮಾಡುತ್ತಿದ್ದ ವರ್ಷ ಅದು. ಹಂದಿಯನ್ನು ಆರಿಸಿಕೊಂಡದ್ದರಲ್ಲಿ ನನ್ನ ಧೈರ್ಯವೇನೂ ಇರಲಿಲ್ಲ. ಕುರಿ, ಕೋಳಿ, ಎಮ್ಮೆಗಳನ್ನು ಉಳಿದವರು ಮೊದಲೇ ಹಂಚಿಕೊಂಡಿದ್ದರು, ನನಗೆ ಮಿಕ್ಕಿದ್ದು ಹಂದಿ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಮನೆತನ. ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆಯಲ್ಲಿ ಈ ಸುದ್ದಿ ಹೇಳುವುದು ಹೇಗೆ? "ಸಣ್ಣ ಪ್ರಾಣಿಗಳ ಜೀರ್ಣಶಕ್ತಿ" ಎಂದು ಹೇಳಿ ನುಣುಚಿಕೊಂಡಿದ್ದೆ. ಅಪ್ಪ ಅದನ್ನು ಮೊಲ ಎಂದುಕೊಂಡಿದ್ದರು.

ಪ್ರಯೋಗ ಕೇಳಲು ಸರಳ. ತಾಯಿಹಾಲು ಬಿಟ್ಟ ಹಂದಿಮರಿಯ ಹೊಟ್ಟೆ ಇನ್ನೂ ಎಳಸು. ಕೊಟ್ಟ ಕಾಳಿನಲ್ಲಿರುವ ಸಾರಜನಕವೆಲ್ಲ ಅದರ ಮೈಗೆ ಹತ್ತುವುದಿಲ್ಲ, ಒಂದು ಪಾಲು ಮಲದಲ್ಲಿ, ಒಂದು ಪಾಲು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ರಾಗಿಯ ಜೊತೆ ಹುರುಳಿ ಕೊಟ್ಟರೆ ಆ ನಷ್ಟ ಎಷ್ಟು, ಸೋಯಾ ಕೊಟ್ಟರೆ ಎಷ್ಟು ಎಂದು ನಾನು ಅಳೆಯಬೇಕಿತ್ತು. ಮರಿಗಳನ್ನು ಜಾಲರಿ ತಳದ ಪಂಜರದಲ್ಲಿ ಒಂದೊಂದಾಗಿ ನಿಲ್ಲಿಸಿ, ಕೆಳಗೆ ತಟ್ಟೆ, ಅದರ ಕೆಳಗೆ ಬಕೆಟ್ ಇಟ್ಟು, ಬಿದ್ದದ್ದನ್ನೆಲ್ಲ ಹಿಡಿದು ತೂಗಿ ಕಾಲೇಜಿನ ಪ್ರಯೋಗಾಲಯಕ್ಕೆ ಕಳಿಸುವುದು. ಮೂತ್ರ ಸುಮ್ಮನೆ ನಿಂತರೆ ಅದರಲ್ಲಿನ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರಿಬಿಡುತ್ತದೆ. ಅದಕ್ಕೇ ಬೆಳಿಗ್ಗೆ ಪ್ರತಿ ಬಕೆಟ್ಟಿಗೂ ಇಷ್ಟು ಆ್ಯಸಿಡ್ ಹಾಕಿಡಬೇಕು. ಆ್ಯಸಿಡ್ ಅದನ್ನು ಕಟ್ಟಿಹಾಕುತ್ತದೆ.

ಕಾಲೇಜಿನ ಸುತ್ತಮುತ್ತ ಹಂದಿಜ್ವರದ ಸುದ್ದಿ ಹಬ್ಬಿ, ಅಲ್ಲಿ ಮರಿಗಳನ್ನು ಇಡುವಂತಿರಲಿಲ್ಲ. ಸುತ್ತ ಬೇರೆ ಹಂದಿಗಳೇ ಇಲ್ಲದ ಜಾಗ ಹುಡುಕಿಕೋ ಎಂದರು ಗೈಡ್ ಮೇಡಂ. ನನಗೆ ನೆನಪಾದದ್ದು ಬೆಟ್ಟದ ಮೇಲಿನ ಗೆಟ್ಟವಾಡಿ, ದೊಡ್ಡಪ್ಪ ಶಿವಮಲ್ಲಪ್ಪನವರ ಖಾಲಿ ಬಿದ್ದ ಹುಳದ ಮನೆ. ದೊಡ್ಡಪ್ಪನ ಮುಂದೆ ನಿಜವನ್ನೇ ಹೇಳಿದೆ. ಅವರು ಎದ್ದು ಹೊರಗೆ ಹೋದರು. ಎಲೆ ಅಡಿಕೆ ಉಗುಳಿ ಬಂದು, "ಮನೇಲಿ ಅಂದಿ ಅನ್ನೊ ಮಾತ ಆಡ್ಕೂಡ್ದು ಕಣಮ್ಮಿ. ಮರಿಗೊ ಅನ್ನು, ಸಾಕು. ಇನ್ನೊಂದು, ವಾಸ್ನೆ ರಸ್ತೆಗೆ ಬರ್ಕೂಡ್ದು" ಎಂದರು. ಎರಡಕ್ಕೂ ಒಪ್ಪಿಕೊಂಡೆ.

ಮರಿಗಳನ್ನು ನೋಡಿಕೊಳ್ಳಲು ದೊಡ್ಡಪ್ಪನೇ ಮಾದಮ್ಮನನ್ನು ಕರೆತಂದರು. ಜೀರಹಳ್ಳಿಯವಳು, ಐವತ್ತು ದಾಟಿದವಳು, ಗೆಟ್ಟವಾಡಿಗೆ ಕೊಟ್ಟ ಮಗಳ ಮನೆಯಲ್ಲಿ ಇರುತ್ತಿದ್ದಳು. ಸುತ್ತಲಿನ ಊರಿನಲ್ಲಿ ಯಾರ ಕಣ ಕಾಯಬೇಕಾದರೂ ಅವಳಿಗೇ ಹೇಳಿಕಳಿಸುತ್ತಿದ್ದರು. ಅವಳು ಕಾದ ರಾಶಿಯಲ್ಲಿ ಒಂದು ಹಿಡಿ ಕಡಿಮೆಯಾಯಿತು ಎಂದು ಯಾರೂ ಹೇಳಿದ್ದಿಲ್ಲ, ಅವಳ ಹೆಮ್ಮೆಯೂ ಅದೇ. ಒಂದು ವಿಷಯವನ್ನು ಮೊದಲ ದಿನವೇ ಹೇಳಿಬಿಟ್ಟಳು: "ಚಳಿ ಬಂದ್ರೆ ನನ್ನ ಎದೇಲಿ ಬೆಕ್ಕು ಕುಂತಂಗೆ ಗೊರಗೊರ ಅಂತದೆ ಕಣವ್ವ. ಅದೊಂದ್ಕೆ ಬೇಜಾರ್ ಮಾಡ್ಕಬ್ಯಾಡ." ನಾನು ಪಂಜರದ ತಿರುಪು ಬಿಗಿ ಮಾಡುತ್ತಿದ್ದೆ. ಹೂಂ ಎಂದೆ, ಅಷ್ಟೇ.

ಮೊದಲ ಸುತ್ತಿನ ಸಂಗ್ರಹ ಸೊಗಸಾಗಿ ನಡೆಯಿತು. ಕಿಟಕಿಗಳೆಲ್ಲ ತೆರೆದಿದ್ದವು, ಬಯಲುಗಾಳಿ ಒಳಗೆ ಬಂದು ಹೊರಗೆ ಹೋಗುತ್ತಿತ್ತು. ಮರಿಗಳು ತಿಂದು ಮಲಗಿ ಎದ್ದು ಮತ್ತೆ ತಿನ್ನುತ್ತಿದ್ದವು. ಮಾದಮ್ಮ ಒಂದಕ್ಕೆ ಮಾದಪ್ಪ ಎಂದು ಹೆಸರಿಟ್ಟಿದ್ದಳು. ದೇವರ ಹೆಸರನ್ನು ಇದಕ್ಕೆ ಇಡಬಹುದಾ ಎಂದು ನಾನು ರೇಗಿಸಿದರೆ, "ನನ್ನ ಗಂಡನ ಎಸ್ರು ಅದು, ದೇವ್ರದಲ್ಲ, ಅವ್ನೂ ಇಂಗೇ ತಿಂತಿದ್ದ" ಎನ್ನುತ್ತಿದ್ದಳು. ಡಬ್ಬಿಗಳನ್ನು ಐಸ್‌ಪೆಟ್ಟಿಗೆಯಲ್ಲಿಟ್ಟು ಚಾಮರಾಜನಗರದ ಬಸ್ಸಿಗೆ ಹತ್ತಿಸಿ ಬರುತ್ತಿದ್ದೆ. ಪ್ರಯೋಗಾಲಯದಿಂದ ಬಂದ ಅಂಕಿಗಳು ಪುಸ್ತಕದಲ್ಲಿದ್ದಂತೆಯೇ ಇದ್ದವು. ಮೇಡಂ ಫೋನಿನಲ್ಲಿ ಶಭಾಷ್ ಎಂದರು, ಅವರ ಬಾಯಲ್ಲಿ ಅದು ಅಪರೂಪದ ಮಾತು.

ಅಷ್ಟರಲ್ಲಿ ದೀಪಾವಳಿ ಬಂತು. ಹಬ್ಬ ಮುಗಿದ ಮೇಲೆ ಗುಮಟಾಪುರದ ಬೀರೇಶ್ವರನ ಗುಡಿಯ ಹತ್ತಿರ ಸಗಣಿ ಹಬ್ಬ. ಗುಡ್ಡೆ ಹಾಕಿದ ಆಕಳ ಸಗಣಿಯನ್ನು ಉಂಡೆ ಕಟ್ಟಿ ಜನ ಒಬ್ಬರ ಮೇಲೊಬ್ಬರು ಎಸೆದಾಡಿ ಮಿಂದು ಮನೆಗೆ ಬರುತ್ತಾರೆ. ಆ ಕಡೆಗೆ ಹೋಗುವ ನೆಂಟರು, ಊರಿನವರು, ದೊಡ್ಡಪ್ಪನ ಬೀಗರು ಎಲ್ಲ ನಮ್ಮ ಹಿತ್ತಲಿಗೆ ಅಂಟಿದ ರಸ್ತೆಯಲ್ಲೇ ಹೋಗಬೇಕು. ಹಬ್ಬಕ್ಕೆ ಎರಡು ದಿನ ಇರುವಾಗ ದೊಡ್ಡಪ್ಪ ನೀಲಿ ಟಾರ್ಪಾಲು, ಸುತ್ತಿಗೆ, ಮೊಳೆ ಹಿಡಿದು ಬಂದರು.

"ಕಿಟ್ಕಿ ಮುಚ್ಚವ. ಮೈತುಂಬ ಸಗಣಿ ಒಡ್ಸ್ಕಳೋ ಜನ್ವೇ, ಆದ್ರೆ ಅಂದಿ ವಾಸ್ನೆ ಬಂತು ಅಂದ್ರೆ ನಾಳಿಂದ ನನ್ನ ಜಗ್ಲಿ ಮ್ಯಾಲೆ ಒಬ್ರೂ ಕೂರಕಿಲ್ಲ."

ಮನೆಯಲ್ಲಿ ಆಡಬೇಡ ಎಂದಿದ್ದ ಮಾತನ್ನು ತಾವೇ ಆಡಿದ್ದರು, ಅಷ್ಟು ಕಳವಳವಾಗಿತ್ತು. ಗಾಳಿ ಬೇಕು ಎಂದು ನಾನು ಹೇಳಬೇಕಿತ್ತು. ಓದಿದವಳು ನಾನು. ಆದರೆ ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಿತ್ತು. ಆ ರಸ್ತೆಯಲ್ಲಿ ಹೋಗುವವರಲ್ಲಿ ಅರ್ಧ ಜನ ನಮ್ಮಪ್ಪನನ್ನು ಬಲ್ಲವರು. ಮೊಳೆ ಹೊಡೆಯಲು ನಾನೇ ಟಾರ್ಪಾಲು ಎಳೆದು ಹಿಡಿದುಕೊಂಡೆ.

ಹಬ್ಬ ಕಳೆಯಿತು, ಟಾರ್ಪಾಲು ಕಳಚಲಿಲ್ಲ. ಅಂದಿನಿಂದಲೇ ಹಿಂಗಾರಿನ ಜಿಟಿಜಿಟಿ ಹಿಡಿದುಕೊಂಡಿತು. ಬೆಳಿಗ್ಗೆ ಹತ್ತಾದರೂ ಮಂಜು ಕಾಡಿನ ಅಂಚು ಬಿಟ್ಟು ಕದಲುತ್ತಿರಲಿಲ್ಲ. ರಾಗಿ ಹೊಲಕ್ಕೆ ಆನೆ ಇಳಿದಿದೆ ಎಂಬ ಸುದ್ದಿ ದಿನವೂ ಬರುತ್ತಿತ್ತು. ಮರಿಗಳಿಗೆ ಚಳಿಯಾದರೆ ತಿಂದದ್ದೆಲ್ಲ ಮೈ ಕಾಯಿಸಿಕೊಳ್ಳುವುದಕ್ಕೇ ಖರ್ಚಾಗಿ ನನ್ನ ಲೆಕ್ಕ ಕೆಡುತ್ತದೆ, ಮುಚ್ಚಿರುವುದೇ ಒಳ್ಳೆಯದು ಎಂದು ನನಗೆ ನಾನೇ ಹೇಳಿಕೊಂಡೆ. ಎರಡನೆಯ ಸುತ್ತು ಶುರುವಾಯಿತು.

ಮುಚ್ಚಿದ ಕೋಣೆಯಲ್ಲಿ ವಾಸನೆ ಹೆಚ್ಚಾಗದೆ ಇರುತ್ತದೆಯೇ? ಬಾಗಿಲು ತೆಗೆದಾಗಲೆಲ್ಲ ಅದು ಅಂಗಳಕ್ಕೆ ನುಗ್ಗುತ್ತಿತ್ತು. ದೊಡ್ಡಪ್ಪ ನನಗೆ ಏನೂ ಹೇಳದೆ, ನೀರೊಲೆಯ ಬೂದಿಯನ್ನು ಬುಟ್ಟಿಗಟ್ಟಲೆ ಮಾದಮ್ಮನಿಗೆ ಕೊಡತೊಡಗಿದ್ದರು. ನಮ್ಮ ಕಡೆ ಕೊಟ್ಟಿಗೆಯಲ್ಲಿ ಒದ್ದೆಯಾದ ಕಡೆಯೆಲ್ಲ ಬೂದಿ ಎರಚುವುದು ವಾಡಿಕೆ. ಬೂದಿ ನೆಲವನ್ನು ಒಣಗಿಸುತ್ತದೆ, ನೊಣ ಓಡಿಸುತ್ತದೆ, ಅದಕ್ಕಿಂತ ಹೆಚ್ಚಾಗಿ ಬೂದಿ ಬಿದ್ದ ಜಾಗ ಶುದ್ಧವಾಯಿತು ಎಂಬ ಭಾವನೆ. ಹಣೆಗೆ ಇಡುವುದೂ ಬೂದಿಯೇ ಅಲ್ಲವೇ? ಪಂಜರದ ಕೆಳಗಿನ ನೆಲದ ಮೇಲೆ ಬಿಳಿಚಿಕೊಂಡ ಬೂದಿಯನ್ನು ನಾನು ನೋಡಿದ್ದೆ, ನೋಡಿಯೂ ಒಳ್ಳೆಯದೇ ಆಯಿತು ಎಂದುಕೊಂಡಿದ್ದೆ. ಅದು ಇನ್ನೂ ಎಲ್ಲೆಲ್ಲಿ ಬೀಳುತ್ತಿದೆ ಎಂದು ಕೇಳಲಿಲ್ಲ.

ಕೋಣೆ ಕೆಡುತ್ತಿದೆ ಎಂಬುದಕ್ಕೆ ಗುರುತುಗಳು ಒಂದೊಂದೇ ಕಾಣಿಸಿಕೊಂಡವು. ಬಾಗಿಲಿನ ಹಿತ್ತಾಳೆ ಬೀಗ ವಾರದಲ್ಲಿ ಹಸಿರುಗಟ್ಟಿತು, ಒರೆಸಿದರೆ ಮಾರನೆಯ ದಿನ ಮತ್ತೆ ಅದೇ. ಮರಿಗಳ ಕಣ್ಣಿನ ಕೆಳಗೆ ಕಂದು ಗೆರೆ ಇಳಿಯಿತು. ಮೊದಲು ಒಂದು ಕೆಮ್ಮಿತು, ಆಮೇಲೆ ಎಲ್ಲವೂ. ಅಂಗಳದ ನಾಯಿ ಹುಳದ ಮನೆಯ ಮಗ್ಗುಲಲ್ಲಿ ಮಲಗುತ್ತಿದ್ದದ್ದು ಜಾಗ ಬದಲಾಯಿಸಿತು.

"ನೊಣ ಕೂಡ ಒಂಟೋದೊ ಕಣವ್ವ" ಎಂದಳು ಮಾದಮ್ಮ ಒಂದು ಬೆಳಿಗ್ಗೆ. "ಅಂದಿ ಇರೋ ಕಡೆ ನೊಣ ಇಲ್ಲ ಅಂದ್ರೆ ಏನರ್ಥ? ನಂಗ್ಯಾಕೊ ಸರಿ ಕಾಣ್ನಿಲ್ಲ. ಒಂದ್ ಕಿಟ್ಕಿನಾದ್ರೂ ತಗ್ದ್ಬುಡವ."

"ಚಳಿಗೆ ನೊಣ ಬರಲ್ಲ ಮಾದಮ್ಮ" ಎಂದೆ. ಅವಳ ದನಿ ಒಡೆದಿದ್ದನ್ನು ಗಮನಿಸಿದ್ದೆ. ಚಳಿಗೆ ಹಾಗಾಗುತ್ತದೆ ಎಂದು ಅವಳೇ ಹೇಳಿದ್ದಳಲ್ಲ. ಒಳಗೆ ಹೋದ ಹತ್ತು ನಿಮಿಷಕ್ಕೆ ನನ್ನ ಕಣ್ಣೂ ಉರಿಯುತ್ತಿತ್ತು, ಆಮೇಲೆ ಮೂಗು ಒಗ್ಗಿಹೋಗುತ್ತಿತ್ತು. ತೂಗುವ, ಬರೆಯುವ, ಡಬ್ಬಿ ತುಂಬುವ ನನ್ನ ಕೆಲಸವೆಲ್ಲ ಹೊರಗಿನ ಜಗಲಿಯಲ್ಲಿ. ಗುಡಿಸುವುದು, ಬಳಿಯುವುದು, ಬಕೆಟ್ ಎತ್ತುವುದು ಮಾದಮ್ಮನ ಕೆಲಸ, ಅದೆಲ್ಲ ಒಳಗೆ.

ಎರಡನೆಯ ಸುತ್ತಿನ ಮೊದಲ ಡಬ್ಬಿಗಳ ಫಲಿತಾಂಶ ಬಂದಾಗ ಮೇಡಂ ಫೋನ್ ಮಾಡಿದರು. "ಪಾರ್ವತಿ, ತಿಂದದ್ದಕ್ಕೂ ಹೊರಗೆ ಬಂದದ್ದಕ್ಕೂ ತಾಳೆಯೇ ಆಗುತ್ತಿಲ್ಲ. ಮೂತ್ರದ ಅಳತೆ ಸರಿಯಾಗಿದೆ, ಸಾರಜನಕ ಮಾತ್ರ ಇಲ್ಲ. ಒಂದೋ ನಿನ್ನ ಮರಿಗಳು ವಾರದಲ್ಲಿ ಆನೆ ಆಗಿರಬೇಕು, ಇಲ್ಲ ಯಾರೋ ಚೆಲ್ಲಿ ನೀರು ತುಂಬುತ್ತಿದ್ದಾರೆ. ಕೆಲಸದವಳ ಮೇಲೆ ಕಣ್ಣಿಡು. ಹೀಗೇ ಆದರೆ ಈ ವರ್ಷ ಮುಗಿಯುವುದಿಲ್ಲ."

ಸಂಜೆ ಬಕೆಟ್ಟಿಗೆ ಲಿಟ್ಮಸ್ ಕಾಗದ ಅದ್ದಿ ನೋಡಿದ್ದರೆ ಆ ಗಳಿಗೆಯಲ್ಲೇ ಎಲ್ಲ ತಿಳಿಯುತ್ತಿತ್ತು. ಬೆಳಿಗ್ಗೆ ಆ್ಯಸಿಡ್ ಹಾಕಿದ ಕೂಡಲೇ ನೋಡುತ್ತೇನಲ್ಲ, ಸಂಜೆ ಇನ್ನೇನು ಎಂಬ ಸೋಮಾರಿತನ ನನ್ನದು. ಬಕೆಟ್ಟಿನ ತಳದಲ್ಲಿ ಬೂದು ಬಣ್ಣದ ಗಸಿ ನಿಲ್ಲುತ್ತಿತ್ತು. ಹಿಟ್ಟಿನ ಧೂಳು ಎಂದುಕೊಂಡಿದ್ದೆ. ಇಷ್ಟೆಲ್ಲ ನನ್ನ ಕಣ್ಣ ಮುಂದೆ ಇದ್ದರೂ ನನಗೆ ಕಂಡದ್ದು ಮಾದಮ್ಮ ಒಬ್ಬಳೇ.

ನೇರವಾಗಿ ಕೇಳಿಬಿಟ್ಟೆ. ಮಾತು ಮೆತ್ತಗೆ ಆಡುವ ಅಭ್ಯಾಸ ನನಗೆ ಆಗಲೂ ಇರಲಿಲ್ಲ.

"ಬಕೆಟ್ ಚೆಲ್ಲಿ ನೀರು ಹಾಕಿದ್ದೀಯ ಮಾದಮ್ಮ?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿ ನಿಂತಳು. "ನಾನಾ? ಅಂದಿ ಉಚ್ಚೆ ಕದ್ದು ನಾನೇನ್ ಮಾಡ್ಲವ್ವ? ಊರ ಕಣ ಎಲ್ಲಾ ಕಾದಿವ್ನಿ, ಒಂದ್ ಕಾಳು ಎಚ್ಚುಕಮ್ಮಿ ಆಗಿಲ್ಲ. ಒಂದ್ ತೊಟ್ಟೂ ಚೆಲ್ನಿಲ್ಲ ಕಣವ್ವ."

"ಕದ್ದೆ ಅನ್ನಲಿಲ್ಲ. ಕೈತಪ್ಪಿ ಚೆಲ್ಲಿರಬಹುದು, ನಾನು ಬಯ್ಯುತ್ತೇನೆ ಅಂತ ನೀರು ತುಂಬಿಟ್ಟಿರಬಹುದು. ಇಲ್ಲದಿದ್ದರೆ ಎಲ್ಲಿಗೆ ಹೋಗುತ್ತೆ ಅದು?"

ಅವಳು ನನ್ನ ಮುಖವನ್ನೇ ನೋಡುತ್ತ ಒಂದಷ್ಟು ಹೊತ್ತು ಕೆಮ್ಮಿದಳು. "ಎಲ್ಲಿಗೋಯ್ತದೆ ಅಂತ ನೀನು ಓದಿದ್ದೀಯ, ನೀನೇ ಯೋಳು."

ನಾನು ಹೇಳಿದ್ದು ಬೇರೆ. ನಾಳೆಯಿಂದ ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ನಾನು ಬಕೆಟ್ ಎತ್ತುವವರೆಗೂ ಒಳಗೇ ಕುಳಿತಿರಬೇಕು, ಯಾರೂ ಮುಟ್ಟದಂತೆ ಕಾಯಬೇಕು ಎಂದೆ. ನಿನ್ನ ಮೇಲಿನ ಮಾತು ತೊಳೆದು ಹೋಗಬೇಕಾದರೆ ಇದೊಂದೇ ದಾರಿ ಎಂದೂ ಹೇಳಿದೆ. ಉಬ್ಬಸದವಳನ್ನು ಆ ಕೋಣೆಯಲ್ಲಿ ಕೂರಿಸುತ್ತಿದ್ದೇನೆ ಎಂಬ ಯೋಚನೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಂದಿತ್ತು. ಐದು ದಿನ ತಾನೇ ಎಂದು ಅದನ್ನು ಪಕ್ಕಕ್ಕೆ ಸರಿಸಿದೆ. ಈ ಸುತ್ತು ಕೆಟ್ಟರೆ ನನ್ನ ಒಂದು ವರ್ಷ ಹೋಗುತ್ತಿತ್ತು, ನನಗೆ ಅದು ದೊಡ್ಡದಾಗಿತ್ತು.

ಮಾದಮ್ಮ ಕುಳಿತಳು. ಮುಚ್ಚಿದ ಬಾಗಿಲಿನ ಹಿಂದೆ, ಮಣೆ ಹಾಕಿಕೊಂಡು, ಸೆರಗನ್ನು ಮೂಗಿಗೆ ಸುತ್ತಿಕೊಂಡು, ಎಂಟು ಬಕೆಟ್ಟುಗಳನ್ನು ನೋಡುತ್ತ ಕುಳಿತಳು. ಊಟಕ್ಕೆ ಕರೆದರೂ ಬಾಗಿಲ ಬಳಿಯೇ ಮುದ್ದೆ ಈಸಿಕೊಂಡು ತಿಂದು ಒಳಗೆ ಹೋಗುತ್ತಿದ್ದಳು. ಮೂರನೆಯ ದಿನ ಅವಳ ಕಣ್ಣು ಕೆಂಡದಂತಾಗಿತ್ತು. ದೊಡ್ಡಮ್ಮ ನೋಡಿ, "ಯಾಕ್ ಮಾದಮ್ಮ ಅತ್ತಿದ್ದೀಯ?" ಎಂದಿದ್ದಕ್ಕೆ, "ಅಳಾಕೆ ನಾನೇನ್ ತಪ್ಪು ಮಾಡಿವ್ನಿ?" ಎಂದಳಂತೆ. ನಾಲ್ಕನೆಯ ದಿನ ಸಂಜೆ ಹೊರಡುವಾಗ ಎರಡು ಮೆಟ್ಟಿಲು ಇಳಿಯುವುದಕ್ಕೆ ಮೂರು ಸಲ ನಿಂತಳು. ಅವಳ ಎದೆಯ ಗೊರಗೊರ ಜಗಲಿಯಲ್ಲಿ ಕುಳಿತ ನನಗೆ ಕೇಳಿಸುತ್ತಿತ್ತು. ನಾಳೆ ಒಂದು ದಿನ ಎಂದು ನಾನೇ ಧೈರ್ಯ ಹೇಳಿದೆ.

ಐದನೆಯ ದಿನ ಮಧ್ಯಾಹ್ನ ಡಬ್ಬಿಗಳನ್ನು ಬಸ್ಸಿಗೆ ಹಾಕಲು ಹೊರಟೆ. ದೊಡ್ಡಪ್ಪ ದೊಡ್ಡಮ್ಮ ತಾಳವಾಡಿ ಸಂತೆಗೆ ಹೋಗಿದ್ದರು. "ನಾನು ಬರೋವರೆಗೂ ಏಳಬೇಡ" ಎಂದು ಹೇಳಿ ಬಾಗಿಲು ಎಳೆದುಕೊಂಡೆ. ರಸ್ತೆಗೆ ಆನೆ ಬಂದು ನಿಂತು ಬಸ್ಸು ಬಾರದೆ, ಒಂದು ಗಂಟೆಯಲ್ಲಿ ಬರಬೇಕಾದವಳು ಬಂದಾಗ ನಾಲ್ಕು ಗಂಟೆ. ಅಂಗಳ ಹೊಕ್ಕಾಗ ಮರಿಗಳ ಸದ್ದೇ ಇರಲಿಲ್ಲ. ಕೆಮ್ಮು ಕೂಡ ಇಲ್ಲ. ಓಡಿದೆ.

ಮಾದಮ್ಮ ಬಾಗಿಲಿನ ಕಡೆ ಬಂದಿರಲಿಲ್ಲ. ಬಕೆಟ್ಟುಗಳ ಸಾಲಿನ ಪಕ್ಕದಲ್ಲೇ ಒಂದು ಮಗ್ಗುಲಾಗಿ ಬಿದ್ದಿದ್ದಳು, ತುಟಿ ನೇರಳೆಯಾಗಿತ್ತು, ಉಸಿರು ಎಳೆದರೆ ಗರಗಸದಲ್ಲಿ ಮರ ಕೊಯ್ದ ಸದ್ದು. ಅವಳ ತಲೆಯ ಬಳಿ ಬೂದಿಯ ಬುಟ್ಟಿ. ಎದುರಿನ ಬಕೆಟ್ಟಿನಲ್ಲಿ ಬೂದಿ ಬಿದ್ದು ನೊರೆ ಏಳುತ್ತಿತ್ತು. ನಾನು ಹಾಕಿದ ಆ್ಯಸಿಡ್ ಕಟ್ಟಿಹಾಕಿದ್ದ ಅಮೋನಿಯಾವನ್ನೆಲ್ಲ ಆ ಬೂದಿಯ ಕ್ಷಾರ ಬಿಚ್ಚಿ ಕೋಣೆಗೆ ಬಿಡುತ್ತಿತ್ತು. ನೆಲದ ಬೂದಿಯೂ ಅದನ್ನೇ ಮಾಡುತ್ತಿತ್ತು. ಹಾರಿದ್ದಕ್ಕೆ ಹೋಗಲು ದಾರಿಯಿರಲಿಲ್ಲ, ಟಾರ್ಪಾಲು ಇತ್ತು.

ಟಾರ್ಪಾಲನ್ನು ಕೈಯಿಂದಲೇ ಹರಿದೆ. ಉಗುರು ಕಿತ್ತುಬಂದದ್ದು ಮಾರನೆಯ ದಿನ ಗೊತ್ತಾಯಿತು. ಸಂತೆಯಿಂದ ಅದೇ ತಾನೇ ಇಳಿದ ದೊಡ್ಡಪ್ಪ ಅಂಗಳದಿಂದಲೇ ಪಕ್ಕದ ಮನೆಯವನಿಗೆ, "ಜೀಪ್ ತಗ್ಯಾ ಕಣ್ಲಾ, ಬ್ಯಾಗ ತಗ್ಯಾ!" ಎಂದು ಕೂಗಿದರು. ಜೀಪಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಬೂದಿ ಯಾಕೆ ಹಾಕಿದೆ ಮಾದಮ್ಮ ಎಂದು ನಾನು ಕೇಳುತ್ತಲೇ ಇದ್ದೆ, ಅದು ಕೇಳುವ ಹೊತ್ತಾಗಿರಲಿಲ್ಲ.

"ವಾಸ್ನೆ... ಬಕೀಟಿಂದ್ಲೇ ಬತ್ತಿತ್ತು" ಎಂದಳು, ಒಂದೊಂದು ಮಾತಿಗೂ ಉಸಿರು ಹುಡುಕುತ್ತ. "ನಿಮ್ಮ ದೊಡ್ಡಪ್ಪೋರು ಆಕು ಅಂದ್ರು. ಬೂದಿ ಅಲ್ವವ್ವ, ಸಿವಂದು... ಕೆಟ್ಟದ್ದೇನ್ ಆಯ್ತದೆ?"

ಮುಂದಿನ ಸೀಟಿನಲ್ಲಿ ಕುಳಿತ ದೊಡ್ಡಪ್ಪನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಅವರು ತಿರುಗಿ ನೋಡಲಿಲ್ಲ.

ಚಾಮರಾಜನಗರದ ಆಸ್ಪತ್ರೆಯಲ್ಲಿ ಅವಳಿಗೆ ಆಮ್ಲಜನಕ ಹಾಕಿದರು. ಮೂರನೆಯ ದಿನ ಕಣ್ಣು ತೆರೆದು ಗುರುತು ಹಿಡಿದಳು. ಮರಿಗಳಲ್ಲಿ ಎರಡು ಸತ್ತಿದ್ದವು, ಅದರಲ್ಲಿ ಒಂದು ಅವಳ ಮಾದಪ್ಪ. ಅದನ್ನು ನಾನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಮುಖದ ಮೇಲಿನ ಮಾಸ್ಕನ್ನು ನಿಧಾನವಾಗಿ ಸರಿಸಿ ಅವಳು ಕೇಳಿದ್ದು ಒಂದೇ.

"ನಾನ್ ಚೆಲ್ನಿಲ್ಲ ಅಂತ ಬರ್ಕಂಡ್ಯಾ ಅವ್ವ?"

"ಬರ್ಕೊಂಡೆ ಮಾದಮ್ಮ."

"ನಿಮ್ಮ ಮೇಡಮ್ಮೋರ್ಗೂ ಯೋಳ್ದಾ?"

"ಹೇಳಿದೆ."

ಅವಳು ಮಾಸ್ಕ್ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಎರಡನ್ನೂ ಮಾಡಿರಲಿಲ್ಲ.

ಮನೆಗೆ ಬಂದಳು, ಆದರೆ ಮತ್ತೆ ಯಾರ ಕಣವನ್ನೂ ಕಾಯಲು ಅವಳಿಂದ ಆಗಲಿಲ್ಲ. ಮಾರನೆಯ ವರ್ಷ ಮಂಜು ಬೀಳುವ ಹೊತ್ತಿಗೆ ತೀರಿಕೊಂಡಳು. ಚಳಿಗೆ ಉಬ್ಬಸ ಹೆಚ್ಚಾಯಿತು ಎಂದು ಅವಳ ಮಗಳು ಹೇಳಿದಳು, ಊರೂ ಹಾಗೆಯೇ ಹೇಳಿತು. ದೊಡ್ಡಪ್ಪ ಮತ್ತು ನಾನು ಈ ವಿಷಯವನ್ನು ಇದುವರೆಗೂ ಮಾತಾಡಿಲ್ಲ. ನನ್ನ ಪ್ರಬಂಧ ಒಪ್ಪಿತವಾಯಿತು. "ಎರಡನೆಯ ಅವಧಿಯ ಅಂಕಿಗಳನ್ನು ತಾಂತ್ರಿಕ ಕಾರಣಗಳಿಂದ ಕೈಬಿಡಲಾಗಿದೆ" ಎಂಬ ಒಂದು ಸಾಲು ಅದರಲ್ಲಿದೆ. ಅದನ್ನು ಬರೆಯುವ ಮುಂಚೆ ನಾನು ಎರಡು ಸಲ ಯೋಚಿಸಲಿಲ್ಲ ಎಂಬುದು ಈಗ ನೆನೆದರೆ ಭಯವಾಗುತ್ತದೆ.

ಆ ಸಾರಜನಕ ಎಲ್ಲಿಗೆ ಹೋಯಿತು ಎಂದು ಅವಳು ನನ್ನನ್ನೇ ಕೇಳಿದ್ದಳು. ಅವಳ ಎದೆಯೊಳಗೆ ಹೋಗಿತ್ತು. ಮಾದಮ್ಮ ಒಂದು ತೊಟ್ಟೂ ಚೆಲ್ಲಲಿಲ್ಲ. ಅವಳನ್ನು ಅಲ್ಲಿ ಕೂರಿಸಿದವಳು ನಾನು.